ಚಿಲಕದಕ್ಕನ ಚಳಿಗಾಲದ ಓಟ

ಅವಳನ್ನು ಎಲ್ಲರೂ ಕರೆಯುವುದು ಚಿಲಕದಕ್ಕ ಎಂದೇ. ವಯಸ್ಸು ಐವತ್ತು ದಾಟಿದೆ, ಹನ್ನೊಂದು ಹಸುಗಳ ಒಡತಿ, ಬಾಯಿ ಸ್ವಲ್ಪ ಜೋರು. ಈ ಹೆಸರು ಅವಳಿಗೆ ಅಂಟಿಕೊಂಡದ್ದು ಅವಳ ಅತ್ತೆಯ ದೆಸೆಯಿಂದ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಹೊಲದ ಗೇಟು ಹಾಕಲು ಮರೆತಿದ್ದಳು. ಹಸುಗಳು ಬಿಡುತ್ತವೆಯೇ? ಮೆರವಣಿಗೆ ಹೊರಟಂತೆ ಸಾಲಾಗಿ ಹೋಗಿ ಪಕ್ಕದವರ ಎಲೆಕೋಸಿನ ಹೊಲವನ್ನು ಒಂದೇ ಸಂಜೆಯಲ್ಲಿ ನುಣ್ಣಗೆ ಮಾಡಿ ಬಂದವು. ಪಕ್ಕದವರು ಬಂದು ಕೂಗಾಡಿದ್ದು ಇರಲಿ, ಅತ್ತೆ ಆಡಿದ ಮಾತು ಮಾತ್ರ ಸೊಸೆಯ ಎಲುಬಿಗೇ ಇಳಿಯಿತು. "ನೋಡಮ್ಮ, ಮನೆಗೆ ಬೆಂಕಿ ಬಿದ್ರೂ ಮೊದಲು ಗೇಟಿನ ಚಿಲಕ ಹಾಕು, ಆಮೇಲೆ ಕೂಗು."

ಅಂದಿನಿಂದ ಇಂದಿನವರೆಗೆ ಅವಳು ಯಾವ ಬಾಗಿಲನ್ನೂ ತೆರೆದು ಬಿಟ್ಟವಳಲ್ಲ. ತನ್ನ ಮನೆಯದು ಸರಿ, ನೆಂಟರ ಮನೆಯದು, ಅಂಚೆ ಕಚೇರಿಯದು, ಆಸ್ಪತ್ರೆಯದು, ಎಲ್ಲವನ್ನೂ ಹಾಕಿಯೇ ಬರುವವಳು. ಒಮ್ಮೆ ಬಸ್ಸಿನಿಂದ ಇಳಿದವಳು, ಹತ್ತಲು ನಿಂತಿದ್ದವರ ಮೂಗಿನ ಮುಂದೆಯೇ ಬಾಗಿಲು ಎಳೆದು ಹಾಕಿ ಹೊರಟುಬಿಟ್ಟಿದ್ದಳಂತೆ. ಇದು ಅವಳ ತಲೆ ಮಾಡುವ ಕೆಲಸವಲ್ಲ, ಕೈಯೇ ಮಾಡಿಬಿಡುತ್ತದೆ. ಈ ಕೈಯಿಂದಾಗಿ ಅವಳ ಹನ್ನೊಂದೂ ಹಸುಗಳು ಮಾರಾಟವಾಗಿ ಹೋಗಬೇಕಾಗಿತ್ತು, ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಚಳಿಗಾಲದಲ್ಲಿ ಹೊಲದವರಿಗೆ ಕೆಲಸ ಕಡಿಮೆ ಎಂದು ಹೊರಗಿನವರು ತಿಳಿದುಕೊಂಡಿರುತ್ತಾರೆ. ಅಯ್ಯೋ, ಒಂದು ದಿನ ಬಂದು ನೋಡಲಿ! ಮೇಯಲು ಹೊರಗೆ ಏನೂ ಇಲ್ಲವೆಂದ ಮೇಲೆ ಹಸುಗಳೆಲ್ಲ ಕೊಟ್ಟಿಗೆಯಲ್ಲಿ. ಹುಲ್ಲು ತಾನಾಗಿ ನಡೆದು ಅವುಗಳ ಬಾಯಿಗೆ ಹೋಗುವುದಿಲ್ಲ, ಸಗಣಿ ತಾನಾಗಿ ಗುಂಡಿಗೆ ಹೋಗುವುದಿಲ್ಲ. ಬೆಳಗ್ಗೆ ಎದ್ದರೆ ನೀರಿನ ಕೊಳಾಯಿ ಹೆಪ್ಪುಗಟ್ಟಿರುತ್ತದೆ, ಬೆರಳು ಮರಗಟ್ಟಿರುತ್ತವೆ. ಇಷ್ಟೆಲ್ಲ ಮಾಡಿಯೂ ಸಂಜೆ ಬೇಗ ಕತ್ತಲಾಗುವುದರಿಂದ ಒಲೆಯ ಮುಂದೆ ಕೂತು ತಿನ್ನುವುದು ಹೆಚ್ಚು, ಮೈ ಬೆಳೆಯುವುದೂ ಹೆಚ್ಚು. ಪ್ರತಿ ಚಳಿಗಾಲದ ಕೊನೆಗೆ ಚಿಲಕದಕ್ಕ ದಪ್ಪಗಾಗಿ, ಮರದ ಹಲಗೆಯಂತೆ ಸೆಟೆದುಕೊಂಡು ಹೊರಬರುತ್ತಿದ್ದಳು.

ಹೋದ ಚಳಿಗಾಲದಲ್ಲಿ ಆ ಸೆಟೆದ ಮೈಯೇ ಕೈಕೊಟ್ಟಿತು. ಕೆಳಗಿನ ಹೊಲಕ್ಕೆ ಒಂದು ಕಬ್ಬಿಣದ ಗೇಟಿದೆ. ಅದರ ಮೇಲಿನ ಕೀಲು ಸಡಿಲವಾಗಿ, ಗೇಟಿನ ಮೂತಿ ನೆಲಕ್ಕೆ ಊರಿಕೊಂಡಿರುತ್ತದೆ. ಹಾಕಬೇಕಾದರೆ ಕೆಳಗಿನ ಸರಳಿಗೆ ಕೈ ಕೊಟ್ಟು ಇಡೀ ಗೇಟನ್ನು ಎತ್ತಬೇಕು, ಎತ್ತಿ ಹಿಡಿದೇ ನಡೆಸಿಕೊಂಡು ಹೋಗಬೇಕು, ಆಮೇಲೆ ಕಂಬದ ಕೊಂಡಿಗೆ ಚಿಲಕ ಸೇರಿಸಬೇಕು. ಗಂಡ ವರ್ಷಗಳಿಂದ "ನಾಳೆ ಸರಿ ಮಾಡ್ತೀನಿ" ಎನ್ನುತ್ತಲೇ ಇದ್ದ. ಆ ದಿನ ಅವಳು ಬಗ್ಗಿ ಎತ್ತಿದಳು, ಸೊಂಟದಲ್ಲಿ ಏನೋ ಛಳಕ್ ಎಂದಿತು, ಅಲ್ಲೇ ಕುಸಿದಳು. ಕೂಗಿದರೆ ಕೇಳುವವರಿಲ್ಲ. ಗಂಡ ಹಾಲಿನ ವ್ಯಾನು ಓಡಿಸುವವನು, ಸುತ್ತಲಿನ ಮನೆಗಳ ಹಾಲನ್ನೆಲ್ಲ ಡೇರಿಗೆ ಮುಟ್ಟಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಂದು ನೋಡಿದರೆ ಹೆಂಡತಿ ಹಿಮ ಕಟ್ಟಿದ ಕೆಸರಿನಲ್ಲಿ ಬಿದ್ದಿದ್ದಾಳೆ, ತುಟಿ ನೀಲಿಯಾಗಿದೆ.

ಅವನು ಅವಳನ್ನು ಎತ್ತಿಕೊಂಡು ಮನೆಗೆ ತಂದ. ಅವಳು ಚಳಿಗಾಲ ಮುಗಿಯುವವರೆಗೂ ಹಾಸಿಗೆಯಲ್ಲೇ ಇದ್ದಳು. ಅವನು ಆ ಗೇಟನ್ನು ಮುಚ್ಚಿ, ಹಗ್ಗದಿಂದ ಬಿಗಿದು ಕಟ್ಟಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸರಿ ಮಾಡುವುದಿರಲಿ, ಅದರ ಕಡೆ ನೋಡುವುದಕ್ಕೂ ಅವನಿಗೆ ಆಗುತ್ತಿರಲಿಲ್ಲ.

ಅವಳು ಎದ್ದು ಓಡಾಡುವಂತಾದ ದಿನ ಅವನು ಹೇಳಿಯೇಬಿಟ್ಟ. "ಮುಂದಿನ ಚಳಿಗಾಲಕ್ಕೆ ಹಸು ಇರೋದು ಬೇಡ. ಮಾರಿಬಿಡೋಣ."

"ಏನಂದ್ರಿ?"

"ಹಸು ಬೇಕೋ ಹೆಂಡ್ತಿ ಬೇಕೋ ಅಂದ್ರೆ ನಂಗೆ ಹೆಂಡ್ತಿ ಬೇಕು ಕಣೇ. ಅವತ್ತು ನಿನ್ನ ಕೈ ಹಿಡಿದಾಗ ಎಷ್ಟು ತಣ್ಣಗಿತ್ತು ಗೊತ್ತಾ?"

"ಹಸು ಇಲ್ದೆ ನಾನಿದ್ದು ಏನು ಮಾಡ್ಲಿ? ಗೋಡೆ ನೋಡ್ಕೊಂಡು ಕೂತಿರ್ಲಾ?" ಎಂದು ಅವಳು ಪಾತ್ರೆ ಕುಕ್ಕಿದಳು. ಅತ್ತಳು, ಕೂಗಿದಳು, ಎರಡು ಹೊತ್ತು ಊಟ ಬಿಟ್ಟಳು. ಗಂಡ ಜಗ್ಗಲಿಲ್ಲ. ಅವನ ಮೇಲೆ ಪಿತ್ತ ನೆತ್ತಿಗೇರಿದರೂ, ಅವನಿಗಿರುವುದು ಹಟವಲ್ಲ, ಭಯ ಎಂಬುದು ಅವಳಿಗೆ ಗೊತ್ತಿತ್ತು. ಹಟವಾಗಿದ್ದರೆ ಅವಳು ಗೆಲ್ಲುತ್ತಿದ್ದಳು.

ನಡುವೆ ಬಂದವಳು ನಾದಿನಿ. ಗಂಡನ ತಂಗಿ, ಆಸ್ಪತ್ರೆಯಲ್ಲಿ ನರ್ಸು, ಯಾರಿಗೂ ಹೆದರದ ಜೀವ. "ಅಣ್ಣಾ, ಚಳಿಗಾಲದ ನಡುವೆ ಶಾಲೆಯವರು ಓಟ ಇಡ್ತಾರಲ್ಲ, ಹೊಲಗಳ ಮೇಲೆ ಸುತ್ತಿ ಬರೋದು. ಅತ್ತಿಗೆ ಅದನ್ನ ಓಡಿ ಮುಗಿಸಿದ್ರೆ ಹಸು ಇಟ್ಕೋತೀಯಾ?" ಎಂದಳು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವಳಾ? ಓಟನಾ? ಆಗ್ಲಿ. ಓಟ ಮುಗೀತು ಅಂತ ಬಾವುಟ ಇಳಿಸೋದ್ರೊಳಗೆ ಗೆರೆ ದಾಟಿದ್ರೆ ಹಸು ಇರ್ಲಿ. ಇಲ್ದಿದ್ರೆ ಮಾರನೇ ದಿನ ಬೆಳಗ್ಗೆ ದಲ್ಲಾಳಿ ಬರ್ತಾನೆ. ಆಮೇಲೆ ಅಳಬಾರದು."

"ಅಳೋದು ಯಾರು ಅಂತ ನೋಡೋಣ," ಎಂದಳು ಚಿಲಕದಕ್ಕ. ಅಂದದ್ದೇನೋ ಅಂದಳು. ಆದರೆ ಓಡಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿರಲಿಲ್ಲ.

ಮರುದಿನವೇ ನಾದಿನಿ ಕೊಟ್ಟಿಗೆಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. "ಶುರು ಮಾಡೋಣ್ವಾ ವ್ಯಾಯಾಮ?"

"ದಿನಾ ಬುಟ್ಟಿ ಬುಟ್ಟಿ ಸಗಣಿ ಹೊರೋಳಿಗೆ ವ್ಯಾಯಾಮ ಬೇರೆ ಕೇಡು!"

"ಹೌದಾ? ಎಡಗಾಲೊಂದರ ಮೇಲೆ ನಿಂತ್ಕೊಳ್ಳಿ ನೋಡೋಣ."

ಅದೇನು ಮಹಾ ಎಂದು ಚಿಲಕದಕ್ಕ ಬಲಗಾಲೆತ್ತಿದಳು. ಎತ್ತಿದ ಕಾಲು ಎತ್ತಿದ ಹಾಗೇ ಹುಲ್ಲಿನ ರಾಶಿಯ ಮೇಲೆ ದೊಪ್ಪೆಂದು ಬಿದ್ದಳು. ನಾದಿನಿ ಅವಳನ್ನು ಎಬ್ಬಿಸುತ್ತ, "ನೋಡಿದ್ರಾ ಅತ್ತಿಗೆ, ಮೂವತ್ತು ವರ್ಷದಿಂದ ನಿಮ್ಮ ಬಲಗಡೆ ಒಂದೇ ದುಡೀತಿದೆ. ಎಡಗಡೆ ಮೈ ನಿದ್ದೆ ಹೊಡೀತಿದೆ. ಎತ್ತೋದನ್ನೆಲ್ಲ ಸೊಂಟದಿಂದ ಎತ್ತಿದೀರ, ತೊಡೆ ಇರೋದು ಯಾತಕ್ಕೆ?" ಎಂದು ಹುಲ್ಲು ಕೊಡವಿದಳು. ಅತ್ತಿಗೆಗೆ ಮುಖಭಂಗವಾಯಿತು. ಅದೇ ಒಳ್ಳೆಯದಾಯಿತು, ಮಾನ ಹೋದರೆ ಅವಳು ಸುಮ್ಮನೆ ಕೂರುವವಳಲ್ಲ.

ಆದರೆ ಹೊತ್ತೆಲ್ಲಿದೆ? ಬೆಳಗ್ಗೆ ಹಾಲು, ಮಧ್ಯಾಹ್ನ ಹುಲ್ಲು, ಸಂಜೆ ಮತ್ತೆ ಹಾಲು, ನಡುವೆ ಅಡುಗೆ, ಬಟ್ಟೆ, ಮನೆ. ನಾದಿನಿ ಅದಕ್ಕೂ ಉಪಾಯ ಹೇಳಿಕೊಟ್ಟಳು. ಹೊತ್ತು ಹುಡುಕುವುದೇ ಬೇಡ, ಕೆಲಸದ ಒಳಗೇ ತುರುಕಿಬಿಡುವುದು. ಚಹಾ ಕುದಿಯುವಷ್ಟು ಹೊತ್ತು ಒಲೆಯ ಮುಂದೆ ಒಂಟಿಕಾಲು. ಹಾಲು ಕರೆಯುವ ಯಂತ್ರವನ್ನು ಕೆಚ್ಚಲಿಗೆ ಹಾಕಿದ ಮೇಲೆ ಸುಮ್ಮನೆ ನಿಲ್ಲುವ ಬದಲು ಬಸ್ಕಿ. ಹಾಲಿನ ಕ್ಯಾನು ಬಲಗೈಗೊಂದು, ಎಡಗೈಗೊಂದು. ಹುಲ್ಲಿನ ಕವೆಗೋಲನ್ನು ದಿನ ಬಿಟ್ಟು ದಿನ ಎಡಗಡೆಯಿಂದ ಹಿಡಿಯುವುದು. ಏನನ್ನೇ ಎತ್ತಲಿ, ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ತೊಡೆಯಿಂದ ಏಳುವುದು. ಮೊದಲ ವಾರ ಎಡಗೈಯಲ್ಲಿ ಎತ್ತಿದ ಹುಲ್ಲೆಲ್ಲ ಹಸುಗಳ ತಲೆಯ ಮೇಲೆ ಬಿತ್ತು. ಬಿಂಕದಗಿತ್ತಿ ಎಂಬ ಒಂದು ಹಸುವಿದೆ, ಅದು ಒಡತಿ ಬಸ್ಕಿ ಹೊಡೆಯುವುದನ್ನು ಕಣ್ಣು ಪಿಳಿಕಿಸದೆ ನೋಡಿ, ಕೊನೆಗೆ ತಡೆಯಲಾರದೆ ಅಂಬಾ ಎಂದಿತು.

"ನಗ್ತೀಯೇನೇ? ನಿನಗೋಸ್ಕರಾನೇ ಕಣೇ ಇದೆಲ್ಲ!" ಎಂದು ಅವಳು ಅದರ ಹಿಂಭಾಗಕ್ಕೆ ಒಂದು ತಟ್ಟಿದಳು.

ಮುಂದಿನ ಚಳಿಗಾಲ ಕಾಲಿಡುತ್ತಿದ್ದಂತೆ ಓಟವೂ ಶುರುವಾಯಿತು. ರಬ್ಬರ್ ಬೂಟು ಕಳಚಿ, ನಾದಿನಿಯ ಹಳೆಯ ಓಟದ ಬೂಟು ಹಾಕಿಕೊಂಡು, ಎರಡು ಸ್ವೆಟರಿನ ಮೇಲೆ ಗಂಡನ ಟೋಪಿ ಎಳೆದುಕೊಂಡು ಕೊಟ್ಟಿಗೆಯಿಂದ ಡಾಂಬರು ರಸ್ತೆಯವರೆಗೆ. ಮೊದಮೊದಲು ಅರ್ಧ ದಾರಿಗೇ ಏದುಸಿರು, ಪಕ್ಕೆ ಹಿಡಿತ. ಸೈಕಲ್ಲಿನ ಅಂಚೆಯವನು ಎದುರಾಗಿ, "ಏನಕ್ಕ, ಹಸು ತಪ್ಪಿಸ್ಕೊಂಡಿತಾ?" ಎಂದು ಗಾಬರಿಯಿಂದ ಕೇಳುತ್ತಿದ್ದ. ಒಂದು ಬೆಳಗ್ಗೆ ಅವಳು ಆ ರಸ್ತೆ ಮುಟ್ಟಿ, ತಿರುಗಿ, ಮನೆಯವರೆಗೂ ನಿಲ್ಲದೆ ಬಂದಳು. ಬಾಗಿಲಲ್ಲಿ ನಿಂತು ನೋಡಿದರೆ ಉಸಿರು ಹೊಗೆಹೊಗೆಯಾಗಿ ಬರುತ್ತಿದೆ, ಕೆನ್ನೆ ಸುಡುತ್ತಿದೆ, ಕಾಲು ಇನ್ನೂ ಬೇಕು ಎನ್ನುತ್ತಿದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಯಾರೂ ಇಲ್ಲದ ಅಂಗಳದಲ್ಲಿ ಎರಡು ಸುತ್ತು ಕುಣಿದೇಬಿಟ್ಟಳು. ಒಳಗೆ ಒಲೆಯ ಮೇಲಿಟ್ಟು ಮರೆತ ಹಾಲೆಲ್ಲ ಉಕ್ಕಿ ಹರಿದಿತ್ತು, ಅದು ಬೇರೆ ಮಾತು.

ಎಲ್ಲ ದಿನವೂ ಹಾಗಿರಲಿಲ್ಲ. ಒಮ್ಮೆ ಒಂದು ಹಸು ಕರು ಹಾಕಲು ಒದ್ದಾಡಿ, ಇಡೀ ಬೆಳಗು ಅದರ ಹಿಂದೆಯೇ ಹೋಯಿತು. "ಇವತ್ತು ಓಟ ತಪ್ಪಿತು, ನನ್ನ ಕೈಲಾಗಲ್ಲ ಬಿಡು," ಎಂದು ಅವಳು ಫೋನಿನಲ್ಲಿ ಮುಖ ಸಣ್ಣ ಮಾಡಿದಳು. "ಕರು ಎಳೆದದ್ದೇನು ಕಮ್ಮಿ ವ್ಯಾಯಾಮನಾ ಅತ್ತಿಗೆ? ಹೋಗಿ ಮಲಗಿ," ಎಂದಳು ನಾದಿನಿ. ಚಿಲಕದಕ್ಕ ಹುಲ್ಲಿನ ಮೇಲೆ ಆ ಒದ್ದೆ ಕರುವಿನ ಪಕ್ಕದಲ್ಲೇ ಕಾಲು ಚಾಚಿ ಒಂದು ನಿದ್ದೆ ತೆಗೆದಳು.

ಗಂಡ ಎಲ್ಲವನ್ನೂ ನೋಡುತ್ತಿದ್ದ. ಓಟದ ದಿನ ಬೆಳಗ್ಗೆ ವ್ಯಾನು ಹತ್ತುತ್ತ, "ನಂಗೆ ಹಾಲು ಮುಟ್ಟಿಸೋದಿದೆ, ನೋಡೋಕೆ ಬರಲ್ಲ. ದಲ್ಲಾಳಿಗೆ ನಾಳೆ ಬಾ ಅಂತ ಹೇಳಿದೀನಿ," ಎಂದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಬಿದ್ದುಗಿದ್ದು ಮಾಡ್ಕೋಬೇಡ," ಎಂದ.

ಶಾಲೆಯ ಮೈದಾನದಲ್ಲಿ ಜನವೋ ಜನ! ಬಣ್ಣಬಣ್ಣದ ಬೂಟುಗಳು, ಅಲ್ಲಲ್ಲೇ ಕುಪ್ಪಳಿಸುವ ಕಾಲುಗಳು, ಎಲ್ಲರ ಬಾಯಿಂದಲೂ ಹೊಗೆ. ಗೆರೆಯ ಪಕ್ಕದ ಕಂಬದಲ್ಲಿ ದೊಡ್ಡ ಕೆಂಪು ಬಾವುಟ. ಕೊನೆಯ ಹೊತ್ತಿಗೆ ಅದನ್ನು ಇಳಿಸಿದರೆ ಓಟ ಮುಗಿದಂತೆ. ನಾದಿನಿ ಔಷಧದ ಪೆಟ್ಟಿಗೆ ಹಿಡಿದು ಅದರ ಬುಡದಲ್ಲೇ ಕೂತಿದ್ದಳು. ಡ್ರಿಲ್ ಮೇಷ್ಟ್ರು ಮೈಕಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು. "ದಾರೀಲಿ ಮೂರು ಗೇಟು ಬರುತ್ತೆ. ಹೊಲದವರನ್ನ ಕೇಳಿ, ಹಸುಗಳನ್ನೆಲ್ಲ ಒಳಗೆ ಕಟ್ಟಿಸಿ, ಗೇಟು ತೆಗೆದಿಟ್ಟಿದೀವಿ. ದಯವಿಟ್ಟು ಯಾರೂ ಮುಟ್ಟಬೇಡಿ!"

ಚಿಲಕದಕ್ಕ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದಳು. ಪಕ್ಕದಲ್ಲಿ ಅಂಚೆಯವನೂ ಓಡಲು ನಿಂತಿದ್ದ. "ಅಕ್ಕಾ, ನಿಮ್ಮ ಕೆಳಗಿನ ಹೊಲದ್ದೂ ತೆಗೆದ್ವಿ. ನಿನ್ನೆ ನಿಮ್ಮ ಯಜಮಾನರನ್ನ ಕೇಳಿದೆ, ಏನಾದ್ರೂ ಮಾಡ್ಕೊಳ್ಳಿ ಅಂದ್ರು. ಅದೇನು ಗೇಟು ಅಕ್ಕ ಅದು! ನಾವು ಮೂರು ಜನ ಗಂಡಸರು ಸೇರಿ ಎಳೆಯೋಷ್ಟರಲ್ಲಿ ಹೆಣ ಬಿದ್ದುಹೋಯ್ತು," ಎಂದ. ಅವಳಿಗೆ ಅದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಅಷ್ಟರಲ್ಲಿ ಸೀಟಿ ಊದಿದರು.

ಓಡಿದಳು! ಆಹಾ, ಏನು ಓಟ! ಕಾಲಡಿಯಲ್ಲಿ ಹೆಪ್ಪುಗಟ್ಟಿದ ಹುಲ್ಲು ಹಪ್ಪಳದಂತೆ ಮುರಿಯುತ್ತಿತ್ತು, ತಣ್ಣನೆಯ ಗಾಳಿ ಎದೆ ತುಂಬುತ್ತಿತ್ತು. ಹುಡುಗರೆಲ್ಲ ಮುಂದೆ ಹೋದರು, ಹೋಗಲಿ. ಅವಳ ಹಿಂದೆ ಇನ್ನೂ ಒಂದು ಗುಂಪೇ ಇತ್ತು. ಬ್ಯಾಂಕಿನ ಮ್ಯಾನೇಜರು ಹಿಂದೆ, ಔಷಧದಂಗಡಿಯವನು ಹಿಂದೆ, ಅಂಚೆಯವನೂ ಹಿಂದೆ. ಸೈಕಲ್ ತುಳಿಯುವ ಕಾಲೆಂದು ಕೊಚ್ಚಿಕೊಳ್ಳುತ್ತಿದ್ದನಲ್ಲ, ಬರಲಿ ಈಗ!

ಮೊದಲ ಗೇಟು ಬಂತು. ದಾಟಿದಳು. ದಾಟಿದವಳು ತಿರುಗಿ ಗೇಟು ಎಳೆದು, ಚಿಲಕ ಜಡಿದು, ಮತ್ತೆ ಓಡಿದಳು.

"ಅಮ್ಮಾ! ಹಿಂದೆ ನಾವಿದೀವಿ!" ಎಂದು ಬ್ಯಾಂಕಿನ ಮ್ಯಾನೇಜರು ಗೇಟಿನ ಆಚೆಯಿಂದ ಅರಚಿದರು.

"ತೆಗೆದು ಬನ್ನಿ, ಮತ್ತೆ ಹಾಕೋದು ಮರೀಬೇಡಿ!" ಎಂದು ಅವಳು ತಿರುಗಿ ಕೂಗಿದಳು. ಕೂಗಿದ ಮೇಲೆ ತಲೆಗೆ ಹೊಳೆಯಿತು. ಅಯ್ಯೋ ದೇವರೇ! ನಾಚಿಕೆಯಿಂದ ಕಿವಿ ಬಿಸಿಯಾಯಿತು. ವಾಪಸ್ಸು ಹೋಗಿ, ಗೇಟು ತೆಗೆದು, ಎಲ್ಲರನ್ನೂ "ಹೋಗಿ, ಹೋಗಿ" ಎಂದು ಮುಂದೆ ಬಿಟ್ಟಳು. ಗುಂಪೆಲ್ಲ ನಗುತ್ತ ಅವಳನ್ನು ದಾಟಿತು. ಕೊನೆಯವರು ದಾಟಿದ ಮೇಲೆ ಅವಳೂ ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಈಗ ಹಿಂದೆ ಯಾರೂ ಇಲ್ಲ, ಗೇಟು ಮಾತ್ರ ಬಾಯಿ ತೆರೆದುಕೊಂಡು ನಿಂತಿದೆ. ಬಾವುಟ ನೆನಪಾಯಿತು, ದಲ್ಲಾಳಿ ನೆನಪಾದ, ಹೋಗಬೇಕು ಎಂದುಕೊಂಡಳು. ಆಗಲಿಲ್ಲ. ತಿರುಗಿ ಬಂದು ಹಾಕಿಯೇ ಹೋದಳು.

ಎರಡನೆಯ ಗೇಟಿಗೆ ಬರುವಷ್ಟರಲ್ಲಿ ಮೂರ್ನಾಲ್ಕು ಜನರನ್ನು ಮತ್ತೆ ಹಿಂದೆ ಹಾಕಿದ್ದಳು. ಈ ಸಲ ಕೈಗಳನ್ನು ಸ್ವೆಟರಿನ ಜೇಬಿನಲ್ಲಿ ತುರುಕಿಕೊಂಡೇ ದಾಟಿದಳು. ಭಲೇ! ಆದರೆ ಹೊಲದ ಅರ್ಧದಲ್ಲಿ ಬೆನ್ನ ಹಿಂದೆ ಆ ತೆರೆದ ಗೇಟು ಕಿರ್ರೋ ಎಂದು ಗಾಳಿಗೆ ಆಡುವ ಸದ್ದು. ಅತ್ತೆಯೇ ಎದ್ದು ಬಂದು ಕರೆದಂತಾಯಿತು. "ಹಾಳಾಗಿ ಹೋಗಲಿ!" ಎಂದು ಬೈದುಕೊಂಡು ತಿರುಗಿದಳು. ಹಿಂದಿದ್ದವರು ಅವಳನ್ನು ವಿಚಿತ್ರವಾಗಿ ನೋಡುತ್ತ ಮುಂದೆ ಹೋದರು. ಅಂಚೆಯವನು, "ಅಕ್ಕಾ, ಬಾವುಟ ಇಳಿಸ್ತಾರೆ, ಬನ್ನಿ!" ಎಂದು ಕೈಬೀಸಿ ಕರೆದ. ಅವಳು ಗೇಟು ಹಾಕಿ ಬರುವಾಗ ಇಡೀ ಹೊಲದಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಇನ್ನು ಕಾಲಿಗೆ ಬುದ್ಧಿ ಹೇಳಿದಳು ನೋಡಿ! ಹನ್ನೊಂದು ಮುಖಗಳೂ ಕಣ್ಣ ಮುಂದೆ ಬಂದವು. ಬಿಂಕದಗಿತ್ತಿಯನ್ನು ಯಾವನೋ ಹಗ್ಗ ಹಿಡಿದು ಎಳೆಯುತ್ತಿದ್ದಾನೆ, ಅದು ತಿರುಗಿ ತಿರುಗಿ ನೋಡುತ್ತಿದೆ. ಕಣ್ಣೀರು ಬಂತೋ ಚಳಿಗೆ ನೀರು ಬಂತೋ ಗೊತ್ತಾಗಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ದಿಬ್ಬ ಹತ್ತಿದಳು, ಇಳಿದಳು, ಕಾಲುವೆಯ ಹಲಗೆ ದಾಟಿದಳು. ಮೂರನೆಯ ಗೇಟು ಬಂತು. ದಾಟಿದಳು, ಮಂಡಿ ಮಡಿಸಿದಳು, ಎತ್ತಿದಳು, ನಡೆಸಿದಳು, ಚಿಲಕ ಸೇರಿಸಿದಳು, ಓಡಿದಳು. ಮನಸ್ಸೆಲ್ಲ ಬಾವುಟದ ಮೇಲೆಯೇ ಇತ್ತು. ಮೇಲಿನ ರಸ್ತೆಯಲ್ಲಿ ಒಂದು ಹಾಲಿನ ವ್ಯಾನು ನಿಂತದ್ದನ್ನೂ ಅವಳು ನೋಡಲಿಲ್ಲ.

ಮೈದಾನ ಕಂಡಿತು. ಕಂಬವೂ ಕಂಡಿತು. ಕಂಬ ಬೋಳಾಗಿತ್ತು.

ಅವಳು ಆದರೂ ನಿಲ್ಲದೆ ಓಡಿ ಗೆರೆ ದಾಟಿದಳು. ಡ್ರಿಲ್ ಮೇಷ್ಟ್ರು ಬಾವುಟ ಮಡಿಸುತ್ತಿದ್ದವರು ಹಾಗೇ ನಿಂತರು. ನಾದಿನಿ ಓಡಿ ಬಂದು ತಬ್ಬಿಕೊಂಡಳು. "ಈಗ ತಾನೇ ಅತ್ತಿಗೆ, ಈಗ ತಾನೇ ಇಳಿಸಿದ್ರು. ಒಂದು ಚೂರು ಮುಂಚೆ ಬಂದಿದ್ರೆ..." ಅಂಚೆಯವನು ತಲೆ ಕೆರೆದುಕೊಂಡ. ಚಿಲಕದಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು, ತನ್ನ ಎರಡು ಕೈಗಳನ್ನು ಮುಂದೆ ಚಾಚಿ, "ಈ ಕೈ ಕತ್ತರಿಸಿ ಹಾಕ್ಬೇಕು! ಇವೇ ನನ್ನ ಹಸುಗಳನ್ನ ಮಾರಿದ್ದು!" ಎಂದು ಹೋ ಎಂದು ಅತ್ತಳು.

ಆಗಲೇ ವ್ಯಾನು ಮೈದಾನದೊಳಗೆ ಬಂದು ನಿಂತದ್ದು. ಗಂಡ ಇಳಿದು ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೆಳಗಿನ ಹೊಲದ ಗೇಟು ಯಾರು ಹಾಕಿದ್ದು?"

ಅವಳು ಮೂಗು ಒರೆಸಿಕೊಂಡಳು. "ನಾನೇ. ಬೈಬೇಡಿ ರೀ. ಮುಟ್ಟಬೇಡಿ ಅಂದಿದ್ರು, ಗೊತ್ತು. ಏನು ಮಾಡ್ಲಿ, ಕೈ ಕೇಳಲ್ಲ."

"ಹೇಗೆ ಹಾಕಿದೆ?"

"ಹೇಗೆ ಅಂದ್ರೆ? ಎಲ್ಲಾ ಹಾಕೋ ಹಾಗೇ. ಎತ್ತಿ..."

ಮಾತು ಅಲ್ಲೇ ನಿಂತಿತು. ಅವಳ ಕೈ ತಾನಾಗಿ ಬೆನ್ನ ಹಿಂದೆ ಹೋಗಿ ಸೊಂಟ ಮುಟ್ಟಿ ನೋಡಿತು. ನೋವಿರಲಿಲ್ಲ. ಎದ್ದು ನಿಂತಳು, ಬಗ್ಗಿದಳು, ಮತ್ತೆ ನೆಟ್ಟಗಾದಳು. ಏನೂ ಇರಲಿಲ್ಲ. ಅಂಚೆಯವನು ಬಾಯಿ ತೆರೆದುಕೊಂಡು, "ಆ ಗೇಟನ್ನಾ? ಒಬ್ಬರೇನಾ?" ಎಂದ.

"ಮೇಲಿನ ರಸ್ತೇಲಿ ನಿಂತು ನೋಡ್ತಿದ್ದೆ ಕಣೇ," ಎಂದ ಗಂಡ. "ನೀನು ಬಗ್ಗಿದ್ದು ಕಂಡು ಕೂಗೋಕೆ ಬಾಯಿ ತೆಗೆದೆ, ಧ್ವನಿನೇ ಬರ್ಲಿಲ್ಲ. ಮತ್ತೆ ಅಲ್ಲೇ ಬೀಳ್ತೀಯ ಅಂದ್ಕೊಂಡೆ. ನೋಡಿದ್ರೆ ನೀನು ಅದನ್ನ ಬುಟ್ಟಿ ಎತ್ತಿದ ಹಾಗೆ ಎತ್ತಿ ಹಾಕಿ, ತಿರುಗಿ ಕೂಡ ನೋಡದೆ ಓಡಿಹೋದೆ."

ಅವನು ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡ. "ನಾನೇ ಮಾತಾಡೋದು. ನಾಳೆ ಬರ್ಬೇಡಿ. ಇಲ್ಲ, ನಾಡಿದ್ದೂ ಬೇಡ. ಹಸು ಮಾರೋಲ್ಲ ನಾವು."

ಚಿಲಕದಕ್ಕ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. "ಅಲ್ಲಾ ರೀ, ನಾನು ಸೋತೆನಲ್ಲ?"

"ಸೋತೆ. ಬೇಕಾದ್ರೆ ಬರುವ ವರ್ಷ ಗೆಲ್ಲು. ಈಗ ನಡಿ, ಕೀಲು ತಗೊಂಡು ಹೋಗೋಣ. ಇವತ್ತೇ ಆ ಗೇಟು ಸರಿ ಮಾಡ್ತೀನಿ."

"ಇವತ್ತಾ? ನಾಳೆ ಅಲ್ವಾ?" ಎಂದು ನಾದಿನಿ ಕಿಚಾಯಿಸಿದಳು. ಗಂಡ ಕಣ್ಣು ಒರೆಸಿಕೊಳ್ಳುತ್ತ ವ್ಯಾನು ಹತ್ತಿದ.

ವ್ಯಾನು ಹೊರಟು ಶಾಲೆಯ ದೊಡ್ಡ ಗೇಟು ದಾಟಿತು. ದಾಟಿದ್ದೇ ತಡ, ಯಾರೂ ಹೇಳದೆ ಅವನೇ ಬ್ರೇಕು ಹಾಕಿ ನಿಲ್ಲಿಸಿದ. ಚಿಲಕದಕ್ಕ ಅವನ ಮುಖ ನೋಡಿದಳು. ಅವನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು, ಮುಂದೆ ನೋಡುತ್ತ, ತುಟಿ ಬಿಗಿದು ನಗು ತಡೆದುಕೊಂಡಿದ್ದ. ಅವಳು ಇಳಿದು ಹೋಗಿ ಗೇಟಿನ ಎರಡೂ ಬಾಗಿಲು ಎಳೆದು ಚಿಲಕ ಹಾಕಿದಳು. ಮೈದಾನದ ಆ ತುದಿಯಿಂದ ಡ್ರಿಲ್ ಮೇಷ್ಟ್ರು ಮೈಕಿನಲ್ಲೇ ಕೂಗಿಕೊಂಡರು. "ಅಮ್ಮಾ, ನಾವಿನ್ನೂ ಒಳಗೇ ಇದೀವಿ!"